ನಡುಬೈಲಿನ ಮಣ್ಣಿಗೆ ಎಣ್ಣೆ ಎರೆದ ಕುಸುಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೆಲ್ಕಾರಿನ ರಸ್ತೆಯಿಂದ ಕೆಳಗಿಳಿದರೆ ಸಿಗುವ ನಡುಬೈಲಿನ ಗದ್ದೆಹುಣಿಯ ಕಿರಿದಾದ ಬದುವಿನ ಮೇಲೆ ಕುಸುಮ ಬರುತ್ತಿದ್ದಾರೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಾಲಿನ ಕ್ಯಾನು, ಕೈಯಲ್ಲಿ ಹಾಲು ಅಳೆಯುವ ಕುಡ್ತೆ. ಇಬ್ಬನಿಗೆ ಹುಣಿ ಜಾರುತ್ತದೆ. ಅವರ ಕಾಲು ಮಾತ್ರ ಜಾರುವುದಿಲ್ಲ.

ಮೊದಲು ಸಿಗುವುದು ಸರಸಳ ಮನೆ. ಚೆಂಬಿನೊಳಗೆ ಇಣುಕಿ ಕುಸುಮ ಕೇಳುತ್ತಾರೆ: "ಯಾಕೆ ಇವತ್ತು ಕಡಿಮೆ?"

"ಕರು ಹಗ್ಗ ಬಿಚ್ಚಿಕೊಂಡು ಕುಡಿಯಿತು, ಕುಸುಮಕ್ಕ."

"ಕುಡಿದದ್ದು ಕರುವೋ, ನಿನ್ನ ಗಂಡನ ಚಾ ಲೋಟವೋ?"

ಸರಸ ನಗುತ್ತಾಳೆ. ಆದರೆ ಹಾಲು ಕಡಿಮೆಯಾಗಲು ಬೇರೆ ಕಾರಣ ಉಂಟು, ಅದು ಇಬ್ಬರಿಗೂ ಗೊತ್ತು. ಹೋದ ವರ್ಷ ಈ ಮನೆಯ ಹಟ್ಟಿಯಲ್ಲಿ ಎರಡು ದನ ಇದ್ದವು. ಈಗ ಒಂದೇ.

ಹದಿನಾಲ್ಕು ಮನೆಗಳ ಹಾಲು ಸೇರಿಸಿ ಕುಸುಮ ರಸ್ತೆಗೆ ಹತ್ತುವಷ್ಟರಲ್ಲಿ ಬಂಟ್ವಾಳಕ್ಕೆ ಹೋಗುವ ಮೊದಲ ಬಸ್ಸು ನಿಂತಿರುತ್ತದೆ. ಕಂಡಕ್ಟರ್ ಅಬೂಬಕ್ಕರ್ ಕ್ಯಾನಿಗೆ ಕೈ ಕೊಡುತ್ತಲೇ ಗೊಣಗುತ್ತಾರೆ: "ಡ್ರೈವರು ಎಷ್ಟು ಸಲ ಹಾರ್ನು ಹಾಕುವುದು, ಕುಸುಮಕ್ಕ?"

"ಹಾರ್ನಿಗೆ ಹಾಲು ಇಳಿಯುವುದಿಲ್ಲ ಅಬೂಬಕ್ಕರ್. ಕೆಚ್ಚಲಿಗೆ ಕೈಯೇ ಹಾಕಬೇಕು."

ಪೇಟೆಯ ಹೋಟೆಲುಗಳಿಗೆ ಹಾಲು ಕೊಟ್ಟು, ಖಾಲಿ ಕ್ಯಾನು ಹೊತ್ತು ಹತ್ತು ಗಂಟೆಗೆ ಅವರು ಮನೆಗೆ ಮರಳುತ್ತಾರೆ. ಅಲ್ಲಿಂದ ಮುಂದೆ ಗದ್ದೆಯ ಕೆಲಸ. ಮೂರು ವರ್ಷಗಳಿಂದ ಇದೇ ದಿನಚರಿ. ನಡುಬೈಲಿನ ಹಾಲಿನ ಸಂಘಕ್ಕೆ ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿ ಇದ್ದಾರೆ, ಮೊಹರೂ ಇದೆ. ಹಾಲು ಹೊರುವ ಕುಸುಮರಿಗೆ ಹುದ್ದೆಯ ಹೆಸರಿಲ್ಲ. ಒಂದು ದಿನ ಜ್ವರ ಬಂದು ಅವರು ಮಲಗಿದಾಗ ಸಂಘವೂ ಮಲಗಿತು ಎಂದು ಊರಿನವರು ಹೇಳುತ್ತಾರೆ.

ಕುಸುಮರ ಗಂಡ ಅಣ್ಣು ಮೊದಲು ನೇತ್ರಾವತಿ ದಂಡೆಯ ಹಂಚಿನ ಕಾರ್ಖಾನೆಯೊಂದರಲ್ಲಿದ್ದರು. ಮಣ್ಣು ಅರೆಯುವ ಯಂತ್ರಕ್ಕೆ ಬಲಗೈಯ ಎರಡು ಬೆರಳು ಹೋದ ಮೇಲೆ ಕೆಲಸವೂ ಹೋಯಿತು. ಉಳಿದದ್ದು ಊರಿನ ಧಣಿ ಜಯವರ್ಮರ ಬೀಡಿನ ಮನೆಯಿಂದ ವರ್ಷವರ್ಷದ ಚಾಲಗೇಣಿಗೆ ಮಾಡುವ ಗದ್ದೆ, ಒಂದು ದನ. ತಾಲೂಕು ಅಭಿವೃದ್ಧಿ ಮಂಡಳಿ ಹಸುವಿಗೆ ಸಾಲ ಕೊಡುತ್ತದೆ ಎಂದು ಗ್ರಾಮಸೇವಕ ಸುಧಾಕರ ಬಂದು ಹೇಳಿದಾಗ ಮೊದಲು ಹೆಬ್ಬೆಟ್ಟು ಒತ್ತಿದ್ದು ಕುಸುಮ. ಅವರ ಹಿಂದೆ ಉಳಿದ ಮನೆಗಳು ಬಂದವು.

ಸಾಲದಿಂದ ದನ ಬರುತ್ತದೆ, ಮೇವು ಬರುವುದಿಲ್ಲ. ಇಲ್ಲಿಯ ದನ ಬದುಕುವುದು ಬೈಹುಲ್ಲಿನ ಮೇಲೆ. ನಡುಬೈಲಿನಲ್ಲಿ ನೀರು ನಿಲ್ಲುವುದರಿಂದ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ. ಮೂರು ಸಲ ಭತ್ತ, ಮೂರು ಸಲ ಹುಲ್ಲು. ಭತ್ತದ ದೊಡ್ಡ ಪಾಲು ಗೇಣಿಗೆ ಹೋದರೂ ಹುಲ್ಲು ಒಕ್ಕಲಿನವರಿಗೇ ಉಳಿಯುತ್ತದೆ. ಸಂಘ ನಿಂತಿರುವುದು ಆ ಹುಲ್ಲಿನ ಮೇಲೆ.

ಅದೇ ಬೈಲಿನ ಜೇಡಿಮಣ್ಣು ಹಂಚಿಗೆ ಬಹಳ ಒಳ್ಳೆಯದು. ಹೋದ ವರ್ಷ ಸರಸಳ ಗದ್ದೆಯ ಪಕ್ಕದ ಜಾಗದ ಯಜಮಾನರು ಮಣ್ಣು ಮಾರಿದರು. ಒಂದೇ ಬೇಸಗೆಯಲ್ಲಿ ಆಳೆತ್ತರದ ಹೊಂಡವಾಯಿತು. ಸುತ್ತಲಿನ ನೀರೆಲ್ಲ ಅದಕ್ಕೆ ಇಳಿಯಿತು. ಸರಸಳ ಕೊಳಕೆ ಒಣಗಿತು, ಹುಲ್ಲಿಲ್ಲದೆ ಒಂದು ದನವನ್ನು ಮಾರಬೇಕಾಯಿತು.

ಈ ವರ್ಷದ ಆರಂಭದಲ್ಲಿ ಜಯವರ್ಮರೂ ಕುಸುಮ ಗೇಣಿಗೆ ಮಾಡುವ ಗದ್ದೆಯ ಮಣ್ಣು ಮಾರಲು ಒಪ್ಪಿದರು. ಅವರಿಗೂ ಅವರದೇ ಕಾರಣವಿತ್ತು. ಭೂಸುಧಾರಣೆಯ ಕಾನೂನು ಅಂಗೀಕಾರವಾಗಿದೆ, ಇನ್ನೂ ಜಾರಿಗೆ ಬಂದಿಲ್ಲ. ಬಂದರೆ ಗದ್ದೆ ಕೈಬಿಟ್ಟು ಒಕ್ಕಲಿನವರ ಪಾಲಾಗಬಹುದೆಂಬ ಭಯ ಬೀಡಿನಲ್ಲಿದೆ. ಕೇಳಲು ಹೋದ ಕುಸುಮರಿಗೆ ಅವರು ಮುಚ್ಚುಮರೆ ಇಲ್ಲದೆ ಹೇಳಿದರು: "ನಾಳೆ ಗದ್ದೆ ನಿನ್ನದಾಗ್ತದೆ. ಮಣ್ಣಾದರೂ ನನಗಿರಲಿ."

"ಮಣ್ಣು ಹೋದ ಮೇಲೆ ನನ್ನದಾಗುವುದು ಏನು ಧಣಿ, ಹೊಂಡವಾ?"

ಕುಸುಮ ಸುಧಾಕರರನ್ನು ಹುಡುಕಿಕೊಂಡು ಹೋದರು. "ದನ ಸಾಕಿ ಎಂದು ಸಾಲ ಕೊಡಲು ಮಂಡಳಿಗೆ ಅಧಿಕಾರ ಉಂಟು. ಗದ್ದೆ ಅಗೆಯಬೇಡಿ ಎನ್ನಲು ಇಲ್ಲ," ಎಂದರು ಅವರು. ಅಷ್ಟರಲ್ಲಿ ಹಂಚಿನ ಕಾರ್ಖಾನೆಯ ಮಣ್ಣಿನ ಮೇಸ್ತ್ರಿ ವೆಂಕಪ್ಪ ಗದ್ದೆಗೆ ಗೂಟ ಹೊಡೆಸಿ ಆಗಿತ್ತು. ಅಗೆತ ಶುರುವಾಗಬೇಕಾದದ್ದು ಕೆಡ್ಡಸ ಮುಗಿದ ಮರುದಿನ.

ಮಕರ ತಿಂಗಳ ಕೊನೆಯಲ್ಲಿ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿರುತ್ತಾಳೆ ಎಂಬುದು ತುಳುವರ ನಂಬಿಕೆ. ಆಗ ಉಳುವಂತಿಲ್ಲ, ಅಗೆಯುವಂತಿಲ್ಲ, ಹಸಿ ಮರಗಿಡ ಕಡಿಯುವಂತಿಲ್ಲ. ಕೊನೆಗೆ ಹೆಂಗಸರು ತುಳಸಿಕಟ್ಟೆಯ ಬಳಿ ನೆಲಕ್ಕೆ ಎಣ್ಣೆ ಎರೆದು, ಅರಸಿನ, ಕುಂಕುಮ, ಬಾಚಣಿಗೆ ಇಟ್ಟು ಅವಳನ್ನು ಮೀಯಿಸುತ್ತಾರೆ. ಎಲ್ಲರೂ ಅವರವರ ಅಂಗಳದಲ್ಲಿ ಮಾಡುವ ಕೆಲಸ ಇದು.

ಎರಡನೆಯ ದಿನ ಕುಸುಮ ಮತ್ತೆ ಬೀಡಿಗೆ ಹೋದರು. ಈ ಸಲ ಜಯವರ್ಮರ ಹತ್ತಿರ ಅಲ್ಲ, ಅವರ ತಾಯಿ ಕಮಲಾವತಿ ಅಮ್ಮನ ಹತ್ತಿರ.

"ಅಮ್ಮ, ನಾಳೆ ಎಣ್ಣೆ ಎರೆಯಲು ಗದ್ದೆಗೆ ಹೋಗುವ."

"ಯಾಕೆ? ಅಂಗಳದ ನೆಲ ಬೇರೆ, ಗದ್ದೆಯ ನೆಲ ಬೇರೆಯಾ?"

"ಅಂಗಳವನ್ನು ಯಾರೂ ಲಾರಿಗೆ ತುಂಬುವುದಿಲ್ಲ, ಅಮ್ಮ."

ಮರುದಿನ ಬೆಳಿಗ್ಗೆ ಹಾಲು ಕೊಡುವ ಮನೆಗಳ ಹೆಂಗಸರು ಗೂಟಗಳ ನಡುವೆ ಎಣ್ಣೆ ಹಿಡಿದು ನಿಂತಿದ್ದಾಗ ಹುಣಿಯ ಮೇಲೆ ಊರುಗೋಲಿನ ಸದ್ದಾಯಿತು. ಕಮಲಾವತಿ ಅಮ್ಮ ಬೀಡಿನ ಎಣ್ಣೆಗಿಂಡಿಯನ್ನು ತಾವೇ ಹಿಡಿದು ಬಂದಿದ್ದರು. ಮೊದಲ ಧಾರೆ ಅವರದು. ತಮ್ಮ ಬಾಚಣಿಗೆಯನ್ನೇ ಅವರು ಅಲ್ಲಿ ಇಟ್ಟರು ಎಂದು ಸರಸ ನೆನೆಯುತ್ತಾಳೆ.

ಮಾರನೆಯ ದಿನ ಲಾರಿ ಬಂತು. ಕೂಲಿಯವರು ಹಾರೆ ಹಿಡಿದು ಹುಣಿಯಲ್ಲೇ ನಿಂತರು. ಗೂಟದ ಬುಡದಲ್ಲಿ ಎಣ್ಣೆಯ ಕಲೆ, ಕುಂಕುಮ, ಬಾಚಣಿಗೆ.

"ಕೆಡ್ಡಸ ನಿನ್ನೆಗೇ ಮುಗಿಯಿತು ಮಾರಾಯ, ಇಳಿ," ಎಂದ ವೆಂಕಪ್ಪ.

ಕೂಲಿಯವರಲ್ಲಿ ಹಿರಿಯ ಜತ್ತಪ್ಪ ಕದಲಲಿಲ್ಲ. "ಕೆಡ್ಡಸ ಮುಗಿಯಿತು. ಎಣ್ಣೆ ಆರಲಿಲ್ಲ. ಮಿಂದು ಎದ್ದವಳ ಮೈಗೆ ಹಾರೆ ಹಾಕುವುದು ಹೇಗೆ? ಬೇಕಾದರೆ ನೀವೇ ಹಾಕಿ."

ವೆಂಕಪ್ಪ ಹಾಕಲಿಲ್ಲ. ಹೇಳಿಕಳಿಸಿದ ಮೇಲೆ ಜಯವರ್ಮರು ಬಂದರು. ತಾಯಿಯ ಬಾಚಣಿಗೆಯ ಗುರುತು ಹಿಡಿದರು. ಆಮೇಲೆ ಬಗ್ಗಿ ಅದರ ಪಕ್ಕದ ಗೂಟ ಕಿತ್ತರು. "ಲಾರಿ ವಾಪಸು ಹೋಗಲಿ," ಎಂದಷ್ಟೇ ಹೇಳಿದರು.

ಇದು ಗೆಲುವು ಎಂದು ಕುಸುಮ ಹೇಳುವುದಿಲ್ಲ. ಜಯವರ್ಮರನ್ನು ಕೇಳಿದರೆ, "ಈ ವರ್ಷಕ್ಕೆ ಬೇಡ ಅಂದಿದ್ದೇನೆ. ಮುಂದಿನದ್ದು ಮುಂದೆ," ಎನ್ನುತ್ತಾರೆ. ಹಾಲಿನ ಸಂಘ ಇರುವ ಬೈಲಿನಲ್ಲಿ ಮಣ್ಣು ತೆಗೆಯುವ ಮೊದಲು ತಾಲೂಕು ಮಂಡಳಿಯನ್ನು ಕೇಳಬೇಕು ಎಂಬ ಪ್ರಸ್ತಾವವನ್ನು ಸುಧಾಕರ ಮೇಲಕ್ಕೆ ಕಳಿಸಿದ್ದಾರೆ. ಅದು ಸಭೆಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಗೂಟ ಕಿತ್ತ ಗದ್ದೆಯಲ್ಲಿ ಮಾತ್ರ ಕೊಳಕೆಯ ಪೈರು ಮೊಣಕಾಲೆತ್ತರಕ್ಕೆ ಬಂದಿದೆ. ಅದರ ಹುಲ್ಲಿನಲ್ಲಿ ಒಂದು ಪಾಲು ಸರಸಳಿಗೆ ಎಂದು ಹೆಂಗಸರೇ ತೀರ್ಮಾನಿಸಿದ್ದಾರೆ.

ಕುಸುಮರ ಮನೆಗೂ ಹಟ್ಟಿಗೂ ಮುಳಿಹುಲ್ಲು ಹೊದಿಸಿದ ಮಾಡು. ಮಳೆಗಾಲದಲ್ಲಿ ಹಟ್ಟಿ ಸೋರುತ್ತದೆ. "ಹಂಚಿನವರ ಹತ್ತಿರ ಜಗಳ ಮಾಡಿದವಳಿಗೆ ಮುಳಿಹುಲ್ಲೇ ಗತಿ," ಎಂದು ಜಗಲಿಯಿಂದ ಅಣ್ಣು ಕೆಣಕುತ್ತಾರೆ. ಏನಾದರೂ ಆಸೆ ಉಂಟಾ ಎಂದು ಕೇಳಿದರೆ ಕುಸುಮ ಕ್ಯಾನು ತೊಳೆಯುವುದನ್ನು ನಿಲ್ಲಿಸುವುದಿಲ್ಲ.

"ಹಟ್ಟಿಗೆ ಹಂಚು ಹಾಕಬೇಕು ಅಂತ ಉಂಟು. ದನ ಒದ್ದೆಯಾಗ್ತದೆ," ಎನ್ನುತ್ತಾರೆ. ತೊಳೆದ ಕ್ಯಾನನ್ನು ಬಿಸಿಲಿಗೆ ಬೋರಲು ಹಾಕಿ, ಕೈ ಒರೆಸಿಕೊಂಡು, ಪೈರಿನ ಕಡೆ ನೋಡುತ್ತಾರೆ. "ಆದರೆ ಅದು ಯಾರ ಗದ್ದೆಯ ಮಣ್ಣು ಅಂತ ಕೇಳದೆ ನಾನು ತರುವುದಿಲ್ಲ."