ಟ್ಯೂಬ್‌ಲೈಟಿನ ಕೆಳಗಿನ ಜಾಗ

ಎಂಬತ್ತರ ದಶಕದ ಮೊದಲಲ್ಲಿ ಸಿರುಗುಪ್ಪದ ನಮ್ಮ ಬಾಡಿಗೆ ಮನೆಗೆ ಇದ್ದುದು ಒಂದೇ ಟ್ಯೂಬ್‌ಲೈಟು. ಅದರ ಕೆಳಗೆ ಕುರುಗೋಡಿನ ತವರಿನಿಂದ ತಂದ ನನ್ನ ಹೊಲಿಗೆ ಮಶೀನು. ಆ ಜಾಗದ ಮೇಲೆ ನಮ್ಮ ಯಜಮಾನರ ಕಣ್ಣು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು ಬಳ್ಳಾರಿಯ ಗುಜರಿಯಿಂದ ಹಳೆಯ ಆಸಿಲೋಸ್ಕೋಪು ಹೊತ್ತು ತಂದಿದ್ದರು. ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಪೆಟ್ಟಿಗೆ ಅದು. ನಿಧಾನದ ಅಲೆಯನ್ನೇನೋ ತೋರಿಸುತ್ತಿತ್ತು, ರೇಡಿಯೋದೊಳಗಿನ ವೇಗದ ಅಲೆ ಅದರ ಅಳವಿಗೆ ಮೀರಿದ್ದು. ಹೊಸದು ಕೊಳ್ಳುವುದು ನಮ್ಮಂಥವರ ಕೈಗೆಟುಕುವ ಮಾತಲ್ಲ.

“ಇದರ ಮುಂದ ಒಂದು ಸಣ್ಣ ಸರ್ಕ್ಯೂಟ್ ಹಚ್ಚಿದ್ರ ಅದೂ ಕಾಣ್ತೈತಿ” ಎಂದರು.

“ಕಂಡ್ರ ಈ ಜಾಗ ನಿಮ್ದು. ದೀಪಾವಳಿಯೊಳಗ ಕಾಣಲಿಲ್ಲ ಅಂದ್ರ ಪೆಟಗಿ ಅಟ್ಟಕ್ಕ” ಎಂದೆ. ಹಬ್ಬಕ್ಕೆ ಓಣಿಯ ರವಿಕೆಗಳೆಲ್ಲ ನನ್ನ ಬಳಿಗೇ ಬರುತ್ತಿದ್ದವು. ಜಾಗ ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ಬಳ್ಳಾರಿಯ ಕೌಲ್ ಬಜಾರಿನ ರೇಡಿಯೋ ರಿಪೇರಿ ಅಂಗಡಿಯಿಂದ ಹಳೆ ಡಯೋಡುಗಳು ಬಂದವು. ಸೋಪಿನ ಡಬ್ಬಿಯೊಳಗೆ ಸರ್ಕ್ಯೂಟು ಕೂತಿತು. ಇದೇನು ಮಾಡುತ್ತದೆ ಎಂದು ಕೇಳಿದ್ದೇ ತಪ್ಪಾಯಿತು. ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣವನ್ನೇ ತೆಗೆದುಕೊಂಡು ಮಶೀನಿನ ಚಕ್ರದ ಸುತ್ತ ಒತ್ತೊತ್ತಾಗಿ ಗೆರೆ ಎಳೆದು, “ತುಳಿ” ಎಂದರು. ತುಳಿದೆ. ಗೆರೆಗಳೆಲ್ಲ ಕಲಸಿಹೋಗಿ ಚಕ್ರ ಬೆಳ್ಳಗಾಯಿತು.

“ಇನ್ನೊಂಚೂರು ನಿಧಾನ. ಹಾಂ, ಈಗ ನೋಡು.”

ಗಿರಗಿರ ತಿರುಗುತ್ತಿದ್ದ ಚಕ್ರದ ಮೇಲೆ ಗೆರೆಗಳು ಇರುವೆ ಸಾಲಿನ ಹಾಗೆ ಮೆಲ್ಲಗೆ ಹರಿಯುತ್ತಿದ್ದವು.

“ಟ್ಯೂಬ್‌ಲೈಟ್ ಒಂದೇ ಸಮ ಉರಿಯೂದಿಲ್ಲ, ಮಿಣುಕ್ತಿರ್ತೈತಿ. ಮಿಣುಕಿದಾಗೊಮ್ಮೆ ಅಷ್ಟಷ್ಟ ಕಾಣ್ತೈತಿ. ಈ ಡಬ್ಬಿನೂ ಹಂಗ. ಅಲಿ ಬಂದಾಗೊಮ್ಮೆ ಒಂದೊಂದು ಚೂರು ಹಿಡಿತೈತಿ. ಚೂರೆಲ್ಲ ಕೂಡಿದ್ರ, ಓಡೂ ಅಲಿ ನಡಕೋತ ಬರ್ತೈತಿ.”

ನನಗೆ ಹುಚ್ಚೇ ಹಿಡಿಯಿತು. ಆ ಸಂಜೆಯೆಲ್ಲ ರವಿಕೆ ಬಿಟ್ಟು ಬರೀ ಚಕ್ರ ತುಳಿದೆ.

ಹಬ್ಬ ಹತ್ತಿರ ಬಂದಾಗ ಡಬ್ಬಿಯ ಒಂದು ತುದಿಯನ್ನು ಬಿಚ್ಚಿಟ್ಟ ರೇಡಿಯೋಗೆ, ಇನ್ನೊಂದನ್ನು ಆಸಿಲೋಸ್ಕೋಪಿಗೆ ಜೋಡಿಸಿದರು. ಪರದೆಯ ತುಂಬ ಹಸಿರು ಮಬ್ಬು, ಅಷ್ಟೇ. ಎಷ್ಟು ಒದ್ದಾಡಿದರೂ ಅದೇ. ಕೊನೆಗೆ ವೈರು ಸುತ್ತತೊಡಗಿದರು. ಗೆದ್ದವಳು ನಾನು. ಆದರೂ ಆ ಜೋಲುಮುಖ ನೋಡಿ ಸುಮ್ಮನಿರಲಾಗಲಿಲ್ಲ.

“ತಡೀರಿ” ಎಂದೆ. “ಗೆರಿ ಕಲಸಿಹೋದಾಗ ನಾ ತುಳಿಯೂದು ನಿಧಾನ ಮಾಡ್ಲಿಲ್ಲೇನು? ನೀವೂ ನಿಮ್ಮ ಡಬ್ಬಿನ ಒಂಚೂರು ನಿಧಾನ ಮಾಡಿ ನೋಡ್ರಿ.”

ಡಬ್ಬಿ ಚೂರು ಹಿಡಿಯುವ ವೇಗಕ್ಕೆ ಒಂದು ಗುಂಡಿ ಇತ್ತು. ಅದನ್ನು ಕೂದಲೆಳೆಯಷ್ಟು ತಿರುಗಿಸಿದರು. ಮಬ್ಬು ಬಿಡಿಸಿಕೊಂಡಿತು. ಒಂದು ಸೊಗಸಾದ ಅಲೆ ಪರದೆಯ ಮೇಲೆ ಮೆಲ್ಲಗೆ ನಡೆಯುತ್ತ ಬಂದು ನಿಂತಿತು. ಸಂತೋಷ ತಡೆಯಲಾರದೆ ಚಪ್ಪಾಳೆ ತಟ್ಟಿ ಕುಣಿದುಬಿಟ್ಟೆ.

ಅವರು ಕುಣಿಯಲಿಲ್ಲ. ಟ್ಯೂಬ್‌ಲೈಟನ್ನೊಮ್ಮೆ ನೋಡಿದರು, ಆಮೇಲೆ ನನ್ನ ಮಶೀನನ್ನು. ನನ್ನ ಬಾಯಿಂದಲೇ ಜಾಗ ಕಳೆದುಕೊಂಡಿದ್ದೆ ಎಂಬುದು ಆಗ ಹೊಳೆಯಿತು.

“ಆ ಕಡಿಗೆ ನೀ ಹಿಡಿ” ಎಂದು ಮಶೀನಿನ ಈ ತುದಿಗೆ ಕೈ ಹಾಕಿದರು.

ಆ ದೀಪಾವಳಿಯ ರವಿಕೆಗಳನ್ನೆಲ್ಲ ಹೊರಗಿನ ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ನಗುನಗುತ್ತಲೇ ಹೊಲಿದೆ.