ಒಬ್ಬಳಿಗೆ ಮಾತ್ರ ಜಾಗ

ನನ್ನ ತಂಗಿಗೆ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಅವಳ ಇಬ್ಬರು ಹೆಣ್ಣುಮಕ್ಕಳು ಬೇಗೂರಿನ ನಮ್ಮ ಮನೆಗೆ ಬಂದರು. ಅವಳ ಗಂಡ ತೀರಿಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಶಿಫ್ಟ್ ಕೆಲಸ, ಚಾಮರಾಜನಗರದಲ್ಲಿ ಬೇರೆ ಹೆಂಗಸರ ಜೊತೆ ಹಂಚಿಕೊಂಡ ಕೋಣೆ. ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ದೊಡ್ಡವಳು ಆರನೇ ಕ್ಲಾಸು, ಚಿಕ್ಕವಳು ಎರಡನೇ ಕ್ಲಾಸು.

ನನಗೆ ಮಕ್ಕಳಿಲ್ಲ. ಹಸು, ಹೊಲ, ನಾನು, ನನ್ನ ಗಂಡ ಎಂದಿದ್ದ ಮನೆಯಲ್ಲಿ ಬೆಳಗಾದರೆ ಕಿರುಚಾಟ ಶುರುವಾಯಿತು. ಯಾರ ಜಡೆ ಮೊದಲು ಹಾಕಬೇಕು, ಯಾರು ನನ್ನ ಪಕ್ಕ ಮಲಗಬೇಕು, ಎಲ್ಲಕ್ಕೂ ಜಗಳ. ಎಲ್ಲಕ್ಕಿಂತ ಜೋರಾದ ಜಗಳ ಫೋನಿಗೆ. ಸಂಜೆ ತಂಗಿ ಕರೆ ಮಾಡಿದಳೆಂದರೆ ಇಬ್ಬರೂ ಫೋನಿಗೆ ಜೋತುಬೀಳುತ್ತಿದ್ದರು. ಒಮ್ಮೆ ಚಿಕ್ಕವಳು ಅಕ್ಕನ ಕೈ ಕಚ್ಚಿ ರಕ್ತ ಬರಿಸಿದಳು. ನಾನು ಇಬ್ಬರನ್ನೂ ಬೈದೆ. ಬೈದಷ್ಟೂ ಇಬ್ಬರಿಗೂ ನಾನು ಇನ್ನೊಬ್ಬಳ ಕಡೆಯವಳಾಗಿ ಕಾಣುತ್ತಿದ್ದೆ.

ಆಮೇಲೆ ಒಂದು ವಾರ ದೊಡ್ಡವಳು ಜಗಳವನ್ನೇ ಬಿಟ್ಟಳು. ಚಿಕ್ಕವಳು ಏನು ಕಿತ್ತುಕೊಂಡರೂ ಕೊಟ್ಟುಬಿಡುತ್ತಿದ್ದಳು. ಮನೆ ತಣ್ಣಗಾಯಿತು ಎಂದು ನನ್ನ ಗಂಡ ಸಮಾಧಾನಪಟ್ಟರು. ನನಗೆ ಮಾತ್ರ ಅವಳು ಚಿಕ್ಕವಳನ್ನು ನೋಡುವ ನೋಟ ಸರಿ ಕಾಣಲಿಲ್ಲ.

ಆ ಭಾನುವಾರ ಮಕ್ಕಳನ್ನು ತಂಗಿಯ ಹತ್ತಿರ ಕರೆದುಕೊಂಡು ಹೊರಟೆ. ಗುಂಡ್ಲುಪೇಟೆಯಲ್ಲಿ ಇಳಿದು ಚಾಮರಾಜನಗರದ ಬಸ್ಸು ಹಿಡಿಯಬೇಕು. ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರನ್ನೂ ಕಲ್ಲುಬೆಂಚಿನ ಮೇಲೆ ಕೂರಿಸಿ, ಎದುರಿಗೇ ಇದ್ದ ಅಂಗಡಿಯಲ್ಲಿ ಬಾಳೆಹಣ್ಣು ಕೊಂಡು ತಿರುಗಿದೆ. ಬೆಂಚಿನ ಮೇಲೆ ದೊಡ್ಡವಳು ಒಬ್ಬಳೇ ಇದ್ದಳು.

"ಎಲ್ಲಮ್ಮಿ ಅವಳು?"

"ನಂಗೊತ್ತಿಲ್ಲ ದೊಡ್ಡವ್ವ."

ಹೆಂಗಸರ ಶೌಚಾಲಯ ನೋಡಿದೆ, ಹೋಟೆಲಿನ ಒಳಗೆ ನೋಡಿದೆ, ನಿಂತ ಬಸ್ಸುಗಳನ್ನೆಲ್ಲ ಹತ್ತಿ ಇಳಿದೆ. ಕೂಗಿ ಕೂಗಿ ಗಂಟಲು ಒಣಗಿತು. ತಿರುಗಿ ಬಂದಾಗಲೂ ದೊಡ್ಡವಳು ಅಲ್ಲೇ, ಹಾಗೇ ಕೂತಿದ್ದಳು. ಅಳುತ್ತಿರಲಿಲ್ಲ. ಹುಡುಕಲೂ ಎದ್ದಿರಲಿಲ್ಲ. ಅದನ್ನು ಕಂಡು, ಆ ವಾರವೆಲ್ಲ ಅವಳು ಚಿಕ್ಕವಳನ್ನು ನೋಡುತ್ತಿದ್ದ ನೋಟ ನೆನಪಾಯಿತು. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ನಾ ಬಯ್ಯಲ್ಲ. ಎಲ್ಲಿಗೆ ಕಳಿಸ್ದೆ, ಹೇಳ್ಬುಡು."

ಅವಳು ನೆಲ ನೋಡುತ್ತ ಹೇಳಿದಳು: "ಆ ತಮಿಳ್ ಬಸ್ಸು ಅವ್ವನ ತಾವ್ಕೆ ಓಯ್ತದ ಅಂದೆ. ಹತ್ಬುಟ್ಲು."

ಊಟಿಯ ಬಸ್ಸು. ಹಲಗೆಯಲ್ಲಿದ್ದ ತಮಿಳನ್ನು ಎರಡನೇ ಕ್ಲಾಸಿನ ಮಗು ಓದುವುದು ಎಲ್ಲಿಂದ ಬಂತು. ಬಸ್ಸು ಹೊರಟು ಆಗಲೇ ತುಂಬ ಹೊತ್ತಾಗಿತ್ತು. ಮುಂದೆ ಬಂಡೀಪುರದ ಕಾಡು. ಅದು ದಾಟಿದರೆ ಬೇರೆ ರಾಜ್ಯ.

ನಿಲ್ದಾಣದ ಕಂಟ್ರೋಲರ್ ಬಳಿಗೆ ಓಡಿದೆ. ಅವರು ಹೆಚ್ಚು ಮಾತಾಡದೆ ಮೇಲುಕಾಮನಹಳ್ಳಿಯ ಅರಣ್ಯ ಚೆಕ್‌ಪೋಸ್ಟಿಗೆ ಫೋನ್ ಮಾಡಿಸಿ, ಬಸ್ಸು ಬಂದರೆ ನಿಲ್ಲಿಸಲು ಹೇಳಿದರು. ಅದು ಆಗಲೇ ಗೇಟು ದಾಟಿದೆಯೋ ಇಲ್ಲವೋ ಅಲ್ಲಿದ್ದವರಿಗೂ ಖಚಿತವಿರಲಿಲ್ಲ. ನಾನು ಆಟೊ ಹಿಡಿದೆ. ದೊಡ್ಡವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

ದಾರಿಯಲ್ಲಿ ಹಂಗಳ ಊರು ದಾಟುವಷ್ಟರಲ್ಲಿ ಅವಳ ಕೆನ್ನೆಗೆ ಬಾರಿಸಬೇಕೆಂದು ಕೈ ಎರಡು ಸಲ ಎದ್ದಿತು. ಬಯ್ಯಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ, ಕೈಯನ್ನು ತೊಡೆ ಕೆಳಗೆ ಒತ್ತಿ ಕೂತೆ. ಕೊನೆಗೆ ಅವಳೇ ಬಾಯಿಬಿಟ್ಟಳು.

"ಫೋನಲ್ಲಿ ಅವ್ವ ನಿಂಗೆ ಹೇಳ್ತಿತ್ತು. ಒಂದ್ ಮಗು ಆಗಿದ್ರೆ ಎಂಗೋ ಇಟ್ಕತಿದ್ದೆ, ಎಲ್ಡ ಎಂಗ್ ಇಟ್ಕಳನ ಅಂತ. ನಾ ಕೇಳುಸ್ಕಂಡೆ."

ತಂಗಿ ಹಾಗೆ ಹೇಳಿದ್ದು ನಿಜ. ಅತ್ತುಕೊಂಡೇ ಹೇಳಿದ್ದಳು. ಕೆಲಸ ಮಾಡುತ್ತ ನಾನು ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಬಾಗಿಲ ಹಿಂದೆ ನಿಂತ ಮಗು ಅದನ್ನು ಲೆಕ್ಕವೆಂದು ತಿಳಿದು, ಒಬ್ಬಳನ್ನು ಕಳೆಯಲು ಹೊರಟಿತ್ತು.

ಚೆಕ್‌ಪೋಸ್ಟಿನಲ್ಲಿ ಬಸ್ಸು ಇರಲಿಲ್ಲ. ಆಟೊ ಇಳಿದು ಗೇಟಿನ ಕಡೆ ಓಡಿದೆ. ಅಷ್ಟರಲ್ಲಿ ಗೇಟಿನ ಪಕ್ಕದ ಕೋಣೆಯಿಂದ ಚಿಕ್ಕವಳ ದನಿ ಕೇಳಿತು. ಮೊದಲು ಕಂಡಕ್ಟರ್ ಅವಳನ್ನು ಯಾವುದೋ ಸಂಸಾರದ ಮಗು ಅಂದುಕೊಂಡಿದ್ದರಂತೆ. ಆಮೇಲೆ ವಿಚಾರಿಸಿ, ಕಾವಲಿನವರಿಗೆ ಒಪ್ಪಿಸಿ ಹೋಗಿದ್ದರು. ಅವಳ ಕೈಯಲ್ಲಿ ಬನ್ನು, ಮುಖದ ತುಂಬ ಕಣ್ಣೀರಿನ ಗೆರೆ.

"ಅಕ್ಕ, ನಾ ತಪ್ಪು ಬಸ್ಸು ಹತ್ಬುಟ್ಟೆ" ಎಂದಳು.

ಅವಳಿಗೆ ಅಕ್ಕನ ಮೇಲೆ ಅನುಮಾನವೇ ಇರಲಿಲ್ಲ. ದೊಡ್ಡವಳು ಒಂದು ಸಲ ನನ್ನ ಮುಖ ನೋಡಿ, "ನೀ ತಪ್ಪು ಹತ್ನಿಲ್ಲ ಕಣಮ್ಮಿ. ನಾನೇ ಸುಳ್ಳೇಳ್ದೆ" ಎಂದಳು. ಚಿಕ್ಕವಳು ಬನ್ನು ಬಿಸಾಡಿ ಅವಳ ಮೇಲೆ ಬಿದ್ದಳು, ಹೊಡೆದಳು, ಪರಚಿದಳು. ಬಿಡಿಸಲು ಕಾವಲಿನವನು ಎದ್ದ. ನಾನು ಬೇಡವೆಂದು ಕೈಸನ್ನೆ ಮಾಡಿದೆ. ದೊಡ್ಡವಳು ಅಲುಗಾಡದೆ ನಿಂತು ಏಟು ತಿಂದಳು.

ಅದೇ ದಿನ ಮಧ್ಯಾಹ್ನ ಚಾಮರಾಜನಗರ ತಲುಪಿದೆವು. ತಂಗಿಗೆ ಎಲ್ಲವನ್ನೂ ಹೇಳಿದೆ. ಅವಳು ಇಬ್ಬರನ್ನೂ ಎದುರು ಕೂರಿಸಿಕೊಂಡಳು. ಗದರಿಸುವಳೇನೋ ಎಂದು ನಾನು ಕಾದೆ. ಅಷ್ಟರಲ್ಲಿ ದೊಡ್ಡವಳೇ ಕೇಳಿದಳು: "ಒಬ್ಬಳಿಗೆ ಮಾತ್ರ ಜಾಗ ಇದ್ರೆ ಯಾರ ಕರ್ಕತಿದ್ದೆ?"

ತಂಗಿ ಇಬ್ಬರ ಮುಖವನ್ನೂ ಒಮ್ಮೆ ನೋಡಿದಳು.

"ಯಾರ್ನೂ ಕರ್ಕತಿರ್ನಿಲ್ಲ" ಎಂದಳು. "ಒಬ್ಬಳ ಬುಟ್ಟು ಒಬ್ಬಳ ಕರ್ಕಬಂದ್ರೆ ನಂಗೆ ಅನ್ನ ಸೇರ್ತದಾ?"

ದೊಡ್ಡವಳು ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಆದರೆ ಅವಳು ಚಿಕ್ಕವಳಿಂದ ದೂರ ಸರಿದು ಕೂರಲಿಲ್ಲ.

ಬೇಗೂರಿಗೆ ಹಿಂತಿರುಗಿದ ಮೇಲೆ ಫೋನನ್ನು ಒಬ್ಬೊಬ್ಬಳಿಗೆ ಒಂದೊಂದು ದಿನ ಬಿಟ್ಟೆ. ಒಬ್ಬಳು ಮಾತಾಡುವಾಗ ಇನ್ನೊಬ್ಬಳನ್ನು ಕೊಟ್ಟಿಗೆಗೆ ಕರೆದೊಯ್ಯುತ್ತಿದ್ದೆ. ಮಕ್ಕಳ ಕಿವಿಗೆ ಬೀಳುವಂತೆ ಅವರ ವಿಷಯ ಮಾತಾಡುವುದನ್ನು ತಂಗಿ, ನಾನು ಇಬ್ಬರೂ ಬಿಟ್ಟೆವು. ಜಗಳ ಮತ್ತೆ ಶುರುವಾಯಿತು. ಮೊದಲ ದಿನ ಕಿರುಚಾಟ ಕೇಳಿದಾಗ ನನಗೆ ಜೀವ ಬಂದಂತಾಯಿತು.

ಮುಂದಿನ ವರ್ಷ ಶಾಲೆ ತೆರೆಯುವ ಹೊತ್ತಿಗೆ ತಂಗಿ ಬೇರೆ ಮನೆ ಮಾಡಿ ಇಬ್ಬರನ್ನೂ ಕರೆದುಕೊಂಡು ಹೋದಳು. ಮೊನ್ನೆ ನೋಡಲು ಹೋಗಿದ್ದೆ. ಕನ್ನಡಿಯ ಮುಂದೆ ನಿಲ್ಲಲು ಇಬ್ಬರೂ ತಳ್ಳಾಡುತ್ತಿದ್ದರು. "ನೋಡಕ್ಕ ಇವರ" ಎಂದು ತಂಗಿ ಒಳಗಿನಿಂದ ಕೂಗಿದಳು. ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ, ಏಳಲಿಲ್ಲ.