ಮೊಬೈಲಿನಿಂದ ಬಂದ ಎರಡು ಬಡಿತ

ಸತ್ತವರು ಬಂದು ಎಚ್ಚರಿಸುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಎಸ್ಸೆಸ್ಸೆಲ್ಸಿ ಓದಿ ಆಯುಷ್ಯವೆಲ್ಲ ಯಂತ್ರಗಳ ನಡುವೆ ಕಳೆದವನು ನಾನು. ಕೆಟ್ಟದ್ದಕ್ಕೆಲ್ಲ ಒಂದು ಕಾರಣ ಇರುತ್ತದೆ, ಬಿಚ್ಚಿ ನೋಡಿದರೆ ಸಿಗುತ್ತದೆ ಎಂಬುದು ನನ್ನ ನಂಬಿಕೆ. ಈಗಲೂ ಅದನ್ನು ಬಿಟ್ಟಿಲ್ಲ. ಆದರೂ ಈ ಒಂದು ಸಂಗತಿಯನ್ನು ಬಿಚ್ಚಿ ನೋಡಲು ನನ್ನಿಂದ ಆಗಿಲ್ಲ.

ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಸಿಂಧನೂರಿನ ಒಂದು ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿ ಭತ್ತವನ್ನು ಮೇಲಕ್ಕೆ ಒಯ್ಯುವ ಎಲಿವೇಟರ್ ಇತ್ತು: ಉದ್ದನೆಯ ಬೆಲ್ಟು, ಅದಕ್ಕೆ ಸಾಲಾಗಿ ಕಬ್ಬಿಣದ ಡಬ್ಬಿಗಳು. ಕೆಳಗೆ ಅದರ ಗುಂಡಿ. ಗುಂಡಿಯಲ್ಲಿ ಚೆಲ್ಲಿದ ಭತ್ತವನ್ನು ಬುಟ್ಟಿಗೆ ತುಂಬಲು ಹೆಣ್ಣಾಳುಗಳು ಇಳಿಯಬೇಕು. ಅದಕ್ಕೆಂದು ಯಾರೂ ಯಂತ್ರ ನಿಲ್ಲಿಸುತ್ತಿರಲಿಲ್ಲ. ಫಿಟ್ಟರ್ ಅಮರೇಶಪ್ಪ, ಲಿಂಗಸುಗೂರಿನವನು, ಮೊದಲು ಮೇಲೆ ಹತ್ತಿ ಬೆಲ್ಟಿನ ಗಾಲಿ ತಿರುಗುವ ಬೇರಿಂಗಿಗೆ ಸ್ಕ್ರೂಡ್ರೈವರ್ ಆನಿಸಿ, ಹಿಡಿಗೆ ಕಿವಿ ಕೊಟ್ಟು ಕೇಳುತ್ತಿದ್ದ. ಆಮೇಲೆ ತಗಡಿನ ಮೇಲೆ ಬಡಿಯುತ್ತಿದ್ದ. ಒಂದು ಸಲ ಬಡಿದರೆ ಇಳಿಯಬಹುದು, ಎರಡು ಸಲ ಬಡಿದರೆ ಇಳಿಯಬಾರದು.

ಅಮರೇಶಪ್ಪ ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು. ಎಲಿವೇಟರಿಗೆ ಹೊಸ ಬೇರಿಂಗ್ ಹಾಕಿದರು. ಯಂತ್ರಗಳ ವಿವರವನ್ನೆಲ್ಲ ಮೊಬೈಲಿಗೆ ಹಾಕುವ ವ್ಯವಸ್ಥೆಯೂ ಅದೇ ವರ್ಷ ಬಂತು. ಪ್ರತಿ ವಾರ ಮೇಲೆ ಹತ್ತಿ ಬೇರಿಂಗಿನ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದು ಕಳಿಸಬೇಕು. ಸಪ್ಪಳ ಸರಿಯಿದ್ದರೆ ಹಸಿರು ಗುರುತು, ಕೆಟ್ಟಿದ್ದರೆ ಕೆಂಪು. ಅದನ್ನು ಕಲಿಸಲು ಬಂದಿದ್ದ ಇಂಜಿನಿಯರಮ್ಮ ಬಹಳ ಚೆನ್ನಾಗಿ ತಿಳಿಸಿ ಹೇಳಿದ್ದರು. ತಪ್ಪು ವ್ಯವಸ್ಥೆಯದಲ್ಲ. ಮೊಣಕಾಲು ನೋವೆಂದು ನಾನು ಹತ್ತುವುದನ್ನೇ ಬಿಟ್ಟೆ. ಬೇರಿಂಗ್ ಹೊಸದಿದ್ದಾಗ ಹಿಡಿದ ಸಪ್ಪಳವನ್ನೇ ಕುರ್ಚಿಯಲ್ಲಿ ಕೂತು ವಾರವಾರ ಕಳಿಸಿದೆ. ಹಸಿರು ತಪ್ಪದೆ ಬರುತ್ತಿತ್ತು.

ಒಂದು ಸಂಜೆ ಹೆಣ್ಣಾಳು ಹುಲಿಗೆಮ್ಮ ಬುಟ್ಟಿ ಹಿಡಿದು ಬಂದು ಗುಂಡಿಯ ಏಣಿಯ ಮೇಲೆ ಕಾಲಿಟ್ಟಳು.

"ಇಳೀಲೇನ್ರಿ ಯಣ್ಣಾ?"

ನಾನು ಮೊಬೈಲಿನ ಹಸಿರು ಗುರುತು ತೋರಿಸಿ ಇಳಿ ಎಂದೆ.

"ಅದ್ರಾಗಿನ ಹಸರು ನನಗೇನ್ ತಿಳೀತೈತ್ರಿ. ಅಮರೇಶಣ್ಣ ಬಡದು ಹೇಳ್ತಿದ್ದ. ನಿಮ್ಮ ಮೊಬೈಲು ಬಡೀತೈತೇನು?" ಎಂದು ನಕ್ಕಳು.

ಅವಳ ಬಾಯಿ ಮುಚ್ಚಿಸಲೆಂದು ಆ ಹಳೆಯ ಸಪ್ಪಳ ಹಚ್ಚಿ ಮೊಬೈಲನ್ನು ಅವಳ ಕಡೆ ಹಿಡಿದೆ. ಎಂದಿನ ಗುಂಯ್ ಸದ್ದು ಬಂತು. ಅದರ ನಡುವೆ ತಗಡಿನ ಮೇಲೆ ಎರಡು ಸಲ ಬಡಿದಂತಾಯಿತು. ಅಂಗೈಯಲ್ಲಿ ಮೊಬೈಲ್ ಅದುರಿತು. ಹುಲಿಗೆಮ್ಮ ಏಣಿಯಿಂದ ಕಾಲು ತೆಗೆದಳು.

"ಎರಡು ಬಡೀತಲ್ರಿ," ಎಂದಳು. ನಗು ಹೋಗಿತ್ತು.

ನಾನು ಸ್ವಿಚ್ಚಿನ ಕಡೆ ತಿರುಗುವಷ್ಟರಲ್ಲಿ ಮೇಲೆ ಬೇರಿಂಗ್ ಒಡೆದು ಬೆಲ್ಟು ಹರಿಯಿತು. ಡಬ್ಬಿಗಳೆಲ್ಲ ಗುಂಡಿಗೆ ಬಿದ್ದವು. ದೂಳಿನಲ್ಲೇ ತಡಕಾಡಿ ನಾನು ಸ್ವಿಚ್ಚು ಆರಿಸಿದೆ.

ಆಮೇಲೆ ಆ ಸಪ್ಪಳವನ್ನು ಎಷ್ಟೋ ಸಲ ಹಚ್ಚಿ ಕೇಳಿದೆ. ಗುಂಯ್ ಸದ್ದು ಬಿಟ್ಟರೆ ಏನೂ ಇಲ್ಲ. ಬೇರಿಂಗ್ ಒಡೆಯುವ ಮೊದಲು ತಾನೇ ಬಡಿದಿರಬಹುದು ಎಂದರು ಇಂಜಿನಿಯರಮ್ಮ. ಇರಬಹುದು. ಆದರೆ ಬಡಿತ ಬಂದದ್ದು ಮೇಲಿನಿಂದಲ್ಲ, ನನ್ನ ಕೈಯಿಂದ. ಸಪ್ಪಳ ಕೇಳಿಯೇ ಜೀವ ಉಳಿಸಿದನೆಂದು ಮಾಲೀಕರು ನನಗೆ ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ.

ನಾನು ಕೆಲಸ ಬಿಟ್ಟ ಮೇಲೆ ಮಸ್ಕಿಯ ಸಂತೆಯಲ್ಲಿ ಹುಲಿಗೆಮ್ಮ ಸಿಕ್ಕಾಗಲೆಲ್ಲ ನನ್ನ ಚೀಲಕ್ಕೆ ಒಂದು ಹಿಡಿ ಹಸಿಮೆಣಸಿನಕಾಯಿ ಹಾಕುತ್ತಿದ್ದಳು. ಹೋದ ಸಂತೆಯಲ್ಲಿ ನಾನು ಚೀಲ ಹಿಂದಕ್ಕೆ ಸರಿಸಿ, ಹಳೆಯ ಸಪ್ಪಳವನ್ನೇ ಕಳಿಸುತ್ತಿದ್ದದ್ದನ್ನೆಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ತಿರುಗಿ ತನ್ನ ಬುಟ್ಟಿಗೆ ಹಾಕಿಕೊಂಡಳು.

"ಅಂದ್ರ ನೀವು ಮ್ಯಾಲ ಹತ್ತಿ ಕೇಳದ ನನಗ ಇಳಿ ಅಂದಿದ್ರಿ."

"ಹೌದವ್ವಾ."

"ಹಂಗಾದ್ರ ಬಡದವರು ಯಾರ್ರಿ?"